ಮೇಲಿನ ಮನೆಯ ಸದ್ದು

ಹದಿಮೂರು ವರ್ಷ ಪೊರಕೆಯ ಹಿಡಿಯಿಂದ
ಚಾವಣಿ ಕುಟ್ಟಿದವನು ನಾನು,
ರೀಗಾದ ಈ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ.
ನೆತ್ತಿಯ ಮೇಲೇ ವೆಲ್ಟಾಳ ಬ್ರೈಲ್ ಪ್ರಿಂಟರು.
ಸಂಜೆಯಾಯಿತೆಂದರೆ ತಗಡಿನ ಮೇಲೆ ಬಟಾಣಿ ಸುರಿದ ಹಾಗೆ;
ನನ್ನ ಸೂಪಿನ ಬಟ್ಟಲಲ್ಲಿ ಅಲೆ.

ಮಂಗಳವಾರ ಸದ್ದಿಲ್ಲ. ಬುಧವಾರವೂ.
ಗುರುವಾರ ಮೆಟ್ಟಿಲು ಹತ್ತಿದೆ,
ಬದುಕಿದ್ದಾಳೋ ನೋಡೋಣವೆಂದು.

ಬದುಕಿದ್ದಳು. ಪ್ರಿಂಟರಿನ ಬೆನ್ನಿಗೆ ಅಂಗೈ ಇಟ್ಟು
ಜ್ವರ ನೋಡುವವಳಂತೆ ಕೂತಿದ್ದಳು.
"ಬೆಚ್ಚಗಿದೆ, ಐವಾರ್ಸ್. ಇದಕ್ಕೇನೂ ಆಗಿಲ್ಲ.
ರಾತ್ರಿ ಕಂಪ್ಯೂಟರು ತಾನೇ ಅಪ್‌ಡೇಟ್ ಆಯಿತು,
ಬೆಳಗಾಗುವಾಗ ಇದರ ಗುರುತು ಮರೆತಿತ್ತು."
ಸ್ಪೀಕರಿನೊಳಗಿನ ಹೆಂಗಸು ಹೇಳುತ್ತಲೇ ಇದ್ದಳು, ಬಲು ವಿನಯದಿಂದ:
ಅಪರಿಚಿತ ಸಾಧನ. ಅಪರಿಚಿತ ಸಾಧನ.

ಕೇಬಲು ಕಿತ್ತೆ, ಊದಿದೆ, ಮತ್ತೆ ಸಿಕ್ಕಿಸಿದೆ.
ನನಗೆ ಗೊತ್ತಿರುವ ವೈದ್ಯ ಅಷ್ಟೇ.
"ಹೊಸ ಡ್ರೈವರ್ ಬೇಕಂತೆ," ಅಂದಳು.
ಮೂವತ್ತು ವರ್ಷ ಟ್ರಾಮು ಓಡಿಸಿದ್ದೇನೆ,
ನಾನಾಗುತ್ತೇನಾ, ಅಂದೆ.
ಅವಳು ನಕ್ಕಿದ್ದು ಅದೇ ಮೊದಲು ಕೇಳಿದ್ದು.
ಆಮೇಲೆ ಹೇಳಿದಳು: ಪ್ರಿಂಟರು ಮಾಡಿದ ಕಂಪನಿ
ಬಾಗಿಲು ಹಾಕಿ ಯಾವ ಕಾಲವಾಯಿತೋ.

ಈಗ ತೂತಿನ ಪಟ್ಟಿ, ಮರದ ಹಿಡಿಯ ಮೊಳೆ ತೆಗೆದಿದ್ದಾಳೆ.
ಬಲದಿಂದ ಎಡಕ್ಕೆ, ತಿರುಗುಮುರುಗಾಗಿ, ಒಂದೊಂದೇ ಚುಕ್ಕಿ:
ಸೋಮವಾರದೊಳಗೆ ಆರು ಮಕ್ಕಳಿಗೆ ಭಿನ್ನರಾಶಿ.
ಕೆಳಗೆ ನನಗೇನೂ ಕೇಳಿಸುವುದಿಲ್ಲ.
ಸೂಪು ಅಲುಗುವುದಿಲ್ಲ.

ನಿನ್ನೆ ಸಂಜೆ ಸುಮ್ಮನೆ
ಪೊರಕೆ ತಿರುಗಿಸಿ ಹಿಡಿದು ಎರಡು ಸಲ ಕುಟ್ಟಿದೆ.
ತುಸು ಹೊತ್ತಿನ ಮೇಲೆ
ಮೇಲಿನಿಂದ ಅವಳ ಹಿಮ್ಮಡಿ: ಮೂರು.