ಹಮ್ಮು

ಪಂಪ್‌ಸೆಟ್ಟಿನ ಮೋಟಾರು, ಮಿಕ್ಸಿ, ಸೀಲಿಂಗ್ ಫ್ಯಾನು,
ಸುಟ್ಟದ್ದೆಲ್ಲ ನನ್ನ ಹತ್ತಿರ ಬರುತ್ತದೆ,
ಸವಳಂಗ ರಸ್ತೆ, ರೈಲ್ವೆ ಗೇಟಿನ ಪಕ್ಕ.
ಬೋರ್ಡಿನ ಮೇಲೆ ಈಗಲೂ ಮಾವನ ಹೆಸರು.
ಸುತ್ತುವವಳು ಹಾಲಮ್ಮ.

ಒಂದು ಮಧ್ಯಾಹ್ನ ಲಿಯೋ ಪಿಂಟೋ ಬಂದರು,
ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು.
ಎಳೆಗೂಸನ್ನು ಎತ್ತಿದ ಹಾಗೆ ಚೀಲದಿಂದ ಎತ್ತಿದ್ದು
ಹತ್ತಿಯಲ್ಲಿ ಸುತ್ತಿದ ಎರಡು ವಾಲ್ವು.
ಶಿರಾಳಕೊಪ್ಪದ ಕಡೆ ಯಾವುದೋ ಟೆಂಟು ಮುಚ್ಚಿದಾಗ
ಗುಜರಿಯವನ ತಕ್ಕಡಿಯಿಂದ ಬಿಡಿಸಿಕೊಂಡವು.
"ಇವಕ್ಕೊಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಡಿ."
ಚೀಟಿಯಲ್ಲಿ ಲೆಕ್ಕ:
ಕೂದಲಿನಂಥ ತಂತಿ ಎರಡು ಸಾವಿರದ ಎಂಟುನೂರು ಸುತ್ತು,
ದಪ್ಪದ್ದು ತೊಂಬತ್ತಾರು,
ನಡುನಡುವೆ ಕಾಗದ.
ಕಾಗದ ಅವರೇ ತಂದಿದ್ದರು. ಯಾವ ಮಿಲ್ಲಿನದೆಂದು ನಾನು ಕೇಳಲಿಲ್ಲ.

ಮೂರು ರಾತ್ರಿ ಎಣಿಸಿದೆ.
ಸಾವಿರದ ಆರುನೂರಾ ನಲವತ್ತೊಂದರಲ್ಲಿ ಮಗಳು
"ಅಮ್ಮಾ, ಏಳೆಂಟ್ಲೆ?" ಅಂದಳು.
ಐವತ್ತಾರು ಅಂದೆ.
ತಂತಿ ಬಿಚ್ಚಿ ಮತ್ತೆ ಒಂದರಿಂದ.

ಭಾನುವಾರ ಬನ್ನಿ, ಕೇಳಿಸ್ತೀವಿ ಅಂದರು. ಹೋದೆ.
ದುರ್ಗಿಗುಡಿಯಲ್ಲಿ ಉಡುಪ ಡಾಕ್ಟರ ಹಲ್ಲಿನ ಆಸ್ಪತ್ರೆ, ಮೇಲಿನ ಮಹಡಿ.
ಗಂಡಸರು ಹನ್ನೆರಡು ಜನ, ಕೈಕಟ್ಟಿಕೊಂಡು.
ಮೇಜಿನ ಮೇಲೆ ಮೂರು:
ಡಾಕ್ಟರದ್ದು ಬೀಟೆ ಮರದ್ದು, ಮುಖ ಕಾಣುವಷ್ಟು ಪಾಲಿಶು;
ಮೈಕ್‌ಸೆಟ್ ಗೌಸ್‌ಪೀರ್ ಅವರದ್ದು ಹಳೇ ಟ್ರಂಕು ಕತ್ತರಿಸಿದ್ದು,
ಹಸಿರು ಬಣ್ಣದ ಮೇಲೆ ಅವರಜ್ಜನ ಅರ್ಧ ಹೆಸರು;
ಪಿಂಟೋ ಅವರದ್ದು
ಹೆಂಡತಿಯ ಕೇಕಿನ ಟ್ರೇ, ಬೋರಲು ಹಾಕಿ ತೂತು ಕೊರೆದದ್ದು.

ವಾಲ್ವು ಕಾಣಲಿ ಅಂತ ದೀಪ ಆರಿಸಿದರು.
ಹಲಸಿನ ತೊಳೆಯನ್ನು ಬಿಸಿಲಿಗೆ ಹಿಡಿದ ಬಣ್ಣ.
"ಆ ತಂಬೂರಿ ಕೇಳಿ, ಹೇಗೆ ಕೂತಿದೆ!"
"ದನಿ ಬೆಚ್ಚಗಿದೆ ಸಾರ್, ಬೆಚ್ಚಗೆ."
"ಹಾಡೋರು ಉಸಿರು ಎಳ್ಕೊಂಡಿದ್ದು, ಕೇಳ್ತಾ?"

ನನಗೆ ಕೇಳಿದ್ದು ಬೇರೆ.
ಹಾಡಿನ ಅಡಿಯಲ್ಲಿ ಗುಂಯ್ ಅಂತ, ಮೂರರಲ್ಲೂ,
ನನ್ನ ಅಂಗಡಿಯ ದನಿ.
ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಉಂಡಿದ್ದೇನೆ.
ರೇಡಿಯೋ ರಿಪೇರಿಯವರು ಅದಕ್ಕೆ ಹಮ್ಮು ಅನ್ನುತ್ತಾರೆ.
ಎಲ್ಲರಿಗೂ ಕೇಳುತ್ತಿತ್ತು,
ಪಕ್ಕದವರದ್ದು.

ಗೌಸ್‌ಪೀರ್ ಅರ್ಥಿಂಗ್ ಅಂದರು. ಡಾಕ್ಟರು ಕೆಇಬಿ ಅಂದರು.
ಟ್ರೇಯ ಸರದಿ ಬಂದಾಗ ಹಿಂದಿನಿಂದ ಯಾರೋ
"ವೈಂಡಿಂಗ್‌ದೇ ಇರ್ಬೇಕು" ಅಂದರು.
ಪಿಂಟೋ ನನ್ನ ಕಡೆ ನೋಡಲಿಲ್ಲ,
ನೋಡದೇ ಇರಲು ಬಹಳ ಕಷ್ಟಪಟ್ಟರು.

ಆಗ ಕರೆಂಟು ಹೋಯಿತು.
ಹಾಡು ಹೋಗಲಿಲ್ಲ.
ಮೊಬೈಲಿನಿಂದ ಬರುತ್ತಿದ್ದ ಆ ಹೆಂಗಸಿನ ದನಿ
ವಾಲ್ವಿನ ಉಳಿದ ಬಿಸಿಯಲ್ಲಿ
ಎರಡು ಉಸಿರಿನಷ್ಟು ಹೊತ್ತು ನಿಂತಿತು,
ಹಮ್ಮಿಲ್ಲದೆ.
ಆಮೇಲೆ ತೆಳುವಾಗಿ, ಸೋರಿಹೋಯಿತು.
ಹನ್ನೆರಡು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ.

"ಟಾರ್ಚ್ ಹಿಡೀರಿ" ಅಂದೆ.
ಒಂದು ಕೈ ಬೆನ್ನ ಹಿಂದೆ ಇಟ್ಟು ಕೆಪಾಸಿಟರ್ ಇಳಿಸಿದೆ;
ಮಾವ ಬಾಯಿಬಿಟ್ಟು ಕಲಿಸಿದ್ದು ಅದೊಂದೇ.
ಮೇನ್ಸಿನದೂ ನಾನು ಸುತ್ತಿದ್ದೂ
ಒಂದೇ ದಿಕ್ಕಿಗೆ ಮುಖ ಮಾಡಿ ಒತ್ತಿಕೊಂಡು ಕೂತಿದ್ದವು,
ಜಮಖಾನದ ಮೇಲೆ ಬೀಗರು ಕೂತ ಹಾಗೆ,
ಒಬ್ಬರ ಗೊಣಗು ಇನ್ನೊಬ್ಬರ ಕಿವಿಗೆ.
ಎರಡು ಸ್ಕ್ರೂ ಬಿಚ್ಚಿದೆ. ನನ್ನದನ್ನು ಅಡ್ಡಕ್ಕೆ ತಿರುಗಿಸಿದೆ.
ಅಷ್ಟೇ.

ಕರೆಂಟು ಬಂತು. ತೊಳೆಗಳು ಹಣ್ಣಾದವು.
ಏನೂ ಕೇಳಲಿಲ್ಲ.
"ಇದು ಆನೇ ಆಗಿಲ್ಲ" ಅಂದರು ಡಾಕ್ಟರು,
ಸ್ಪೀಕರಿಗೆ ಕಿವಿ ಹಚ್ಚಿ.
ಗೌಸ್‌ಪೀರ್ ಮೊಬೈಲು ಒತ್ತಿದರು.
ಡಾಕ್ಟರು ಹಾರಿ ಹಿಂದೆ ಬಿದ್ದರು.
ಪಿಂಟೋ ಕರ್ಚೀಫು ತೆಗೆದು ಟ್ರೇಯ ಅಂಚು ಒರೆಸಿದರು,
ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಬುಧವಾರ ಬೀಟೆ ಪೆಟ್ಟಿಗೆ ನನ್ನ ಅಂಗಡಿಗೆ ಬಂತು,
ಬೆಡ್‌ಶೀಟು ಹೊದ್ದುಕೊಂಡು.
"ನಂದೂ ಸ್ವಲ್ಪ ತಿರುಗಿಸಿಕೊಡಿ."
ತಿರುಗಿಸಿ ಮುಚ್ಚಳ ಬಿಚ್ಚಿ ನೋಡಿದೆ, ಬೆರಳಿನ ಗಣ್ಣಿನಿಂದ ಮರ ಬಡಿದೆ.
"ಹೊಸ ತೂತು ಕೊರೀಬೇಕು ಡಾಕ್ಟ್ರೇ," ಅಂದೆ,
"ಸ್ವಲ್ಪ ನೋವಾಗತ್ತೆ."