ಓ

ಪುಣೆ. ಮೂರನೆಯ ಮಹಡಿ. ಬೆಳಗಿನ ಏಳು.
ಏಜೆನ್ಸಿಯವರು ಹೇಳಿ ಕಳಿಸಿದ್ದರು:
ಅಜ್ಜನಿಗೆ ಸ್ನಾನ, ಮಾತ್ರೆ, ಪೂಜೆಗೆ ಕೂರಿಸುವುದು;
ದೇವರನ್ನು ಮುಟ್ಟುವಂತಿಲ್ಲ.

ಬೀಡ ಕಡೆಯ ಕುರಿಕಾಯುವವರ ಹೆಣ್ಣು, ನಾನು ರಖಮಾ.
ನಮ್ಮನೆ ದೇವರು ಬೆಳ್ಳಿ ತಗಡು,
ಕುದುರೆ ಮೇಲಿನ ಖಂಡೋಬ;
ಭಂಡಾರ ಮೆತ್ತಿ ಮೆತ್ತಿ
ಮೂಗು ಯಾವುದು, ಮೀಸೆ ಯಾವುದು ತಿಳಿಯದು.
ಇವರ ಮನೆಯವು ಮೊದಲೇ ಮುಖವಿಲ್ಲದ ಕಲ್ಲು.
ತಾಮ್ರದ ತಟ್ಟೆಯಲ್ಲಿ ಐದು:
ಗಂಡಕಿಯ ಕರಿದು, ನರ್ಮದೆಯ ನುಣುಪು,
ಶೋಣನದಿಯ ಕೆಂಪು,
ಯಾವುದೋ ತೆಲುಗು ಹೊಳೆಯದು, ಮಿಣಮಿಣ,
ಇನ್ನೊಂದು ಸ್ಫಟಿಕ. ಅದು ಸೂರ್ಯನಂತೆ,
ಹುಣಿಸೆಬೀಜದಷ್ಟು.

ದಿನಕರರಾಯರ ಕೈ ನಡುಗುತ್ತದೆ.
ಮಣಿಕಟ್ಟು ಹಿಡಿದುಕೊಳ್ಳುತ್ತೇನೆ.
ನಾನು ಮುಟ್ಟಿದ್ದು ಅವರನ್ನು, ಅವರು ಮುಟ್ಟಿದ್ದು ದೇವರನ್ನು;
ಈ ಲೆಕ್ಕ ನೀರಿಗೆ ತಿಳಿಯದು.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಪೈಸೆ ತಪ್ಪದವರು
ಈಗ ಹೆಸರು ತಪ್ಪುತ್ತಾರೆ.
ಕೆಂಪು ಕಲ್ಲಿಗೆ ನಾರಾಯಣ,
ಕರಿಯದಕ್ಕೆ ಅಂಬೆ,
ಮಿಣಮಿಣಕ್ಕೆ ಒಮ್ಮೊಮ್ಮೆ ಮ್ಯಾನೇಜರ್ ಸಾಹೇಬ.
ಗಣಪತಿಯ ತಲೆಗೆ ತುಳಸಿ ಏರಿಸಿದ ದಿನ
ಮಗ ಓಡಿಬಂದ, ಬಾಯ್ತುಂಬ ಹಲ್ಲುಪುಡಿಯ ನೊರೆ:
“ಬಾಬಾ! ಅವನಿಗೆ ತುಳಸಿ ಆಗೋದಿಲ್ಲ!”
ತೆಗೆಯಲು ಕೈ ಚಾಚಿದ.
ಸ್ನಾನವಾಗಿರಲಿಲ್ಲ.
ಚಾಚಿದ ಕೈ ಅಲ್ಲೇ ನಿಂತಿತು,
ನನ್ನದು ಇಲ್ಲಿ.
ತುಳಸಿ ಹಾಯಾಗಿ ಕೂತಿತ್ತು.

“ಆಯೀ,” ಎಂದು ಕೂಗುತ್ತಾರೆ ರಾಯರು.
“ಓ,” ಅನ್ನುತ್ತಾರೆ ವೇಣುತಾಯಿ, ಒಗ್ಗರಣೆ ಸಿಡಿಯುವಾಗ.
ಆಯಿ ತೀರಿ ನಲವತ್ತು ವರ್ಷವಂತೆ.
“ಸುಮೀ.” ಎಳವೆಯಲ್ಲೇ ಹೋದ ತಂಗಿ.
“ಓ.”
ಮಧ್ಯಾಹ್ನ ಎದುರು ನಿಂತು, ಬಲು ಮರ್ಯಾದೆಯಿಂದ:
“ತಾವು ಯಾರ ಪೈಕಿ?”
“ನಿಮ್ಮ ಪೈಕಿಯೇ. ಊಟಕ್ಕೇಳಿ.”

ಕೊತ್ತಂಬರಿ ಸೋಸುತ್ತ ಒಮ್ಮೆ ಕೇಳಿದೆ:
ನಿಮ್ಮ ಹೆಸರು ಬಿಟ್ಟು ಊರಿನ ಹೆಸರೆಲ್ಲ ಕೂಗ್ತಾರಲ್ಲ,
ಬೇಜಾರಾಗಲ್ವ?
ಬೇರು ಕಿತ್ತು ಬದಿಗಿಟ್ಟು ಅಂದರು:
“ಮೊದಲು ಮಾತ್ರ ಹೆಸರು ಹಿಡೀತಿದ್ರಾ?
ಐವತ್ತು ವರ್ಷ ಬರೀ ‘ಕೇಳಿಸ್ತಾ’ ಅಂತಿದ್ದರು.
ಈಗ ದಿನಕ್ಕೊಂದು ಹೆಸರಿಡ್ತಾರೆ.
ಕರೆಯೋ ಬಾಯಿ ಅದೇ ಅಲ್ವಾ.”

ಇವತ್ತು ತೀರ್ಥ ಕೊಡುವಾಗ
ತಟ್ಟೆ ನೋಡಲಿಲ್ಲ ರಾಯರು, ನನ್ನನ್ನು ನೋಡಿದರು.
ಚಮಚ ನನ್ನ ಅಂಗೈ ಮೇಲೆ ಬಾಗಿತು.
ಯಾವ ಹೆಸರು ಹಿಡಿದರೋ ಕೇಳಿಸಲಿಲ್ಲ,
ಕೆಳಗೆ ಗ್ಯಾಸಿನ ಗಾಡಿ,
ಸಿಲಿಂಡರು ಸಿಲಿಂಡರಿಗೆ ಬಡಿಯುವ ಸದ್ದು.
ಓ, ಅಂದೆ.
ಒಳಗಿಂದ ವೇಣುತಾಯಿಯೂ
ಓ, ಅಂದರು.