ನಾಲ್ಕನೆಯ ಶಬ್ದ

ಕುಂದರಗಿ ಮೇಡಂ ಹಲಗೆಯ ಮೇಲೆ ಬರೆದದ್ದು ನಾಲ್ಕೇ ಶಬ್ದ.
ಮಿಲ್, ಕಣ್ಣು. ಮರ, ಕೈ. ದಿನಾಂಗ್, ಕಾಲು.
ನಾಲ್ಕನೆಯದರ ಮೇಲೆ ನನ್ನ ನೋಟುಬುಕ್ಕಿನಲ್ಲಿ ಚಹಾ ಬಿದ್ದಿದೆ.

ವಿರಾಜುರಿ ಎಂಬ ಜನ, ಆಸ್ಟ್ರೇಲಿಯಾದ ಮೂರು ಹೊಳೆಗಳ ನಾಡು.
ಅವರ ದ ನಮ್ಮ ದ ಇದ್ದಂತೆ, ಹಲ್ಲಿಗೆ ನಾಲಿಗೆ ತಾಗಿಸಿ,
ಎಂದಾಗ ಹಿಂದಿನ ಬೆಂಚಿನವರೂ ತಾಗಿಸಿ ನೋಡಿದರು.

ಹೊರಗಿನವರು ಬಂದು ಮೊದಲು ಬರಕೊಂಡದ್ದು ಮೈಯನ್ನಂತೆ.
ದೇವರನ್ನು ಮುಟ್ಟಿ ಕೇಳಲು ಬರುವುದಿಲ್ಲ, ಮೂಗು ಮುಟ್ಟಬಹುದು.
ಏನಿದು ಎಂದರೆ
'ನಿನ್ನ ಬೆರಳು' ಅಂದಿರಬಹುದು ಯಾವನೋ ತುಂಟ;
ಎಷ್ಟು ವರ್ಷ ಅದೇ ಮೂಗಾಗಿ ಪಟ್ಟಿಯಲ್ಲಿ ಕೂತಿತೋ.

ಎಲ್ಲಿಂದ ಬಂದವು ಇವು, ಕೇಳಿದೆ.
ಕೈಗೆ ಹೆಸರನ್ನು ಯಾರೂ ಸಂತೆಯಿಂದ ತರೂದಿಲ್ಲ ತಂಗಿ,
ಆ ಖಂಡದಾಗ ಎಷ್ಟೋ ನುಡಿಗೆ ಅದೇ ಮರ,
ಕೈ ಹಿಡಿದು ಕೈಗೆ ಕೊಟ್ಟದ್ದು.
ನಮ್ಮ ಟೊಂಕ ಎಲ್ಲಿಯದು ಅಂದರೆ ಅವರಿಗೂ ಗೊತ್ತಿರಲಿಲ್ಲ.

ಸಂಜೆ ಗೋಕಾಕ ಫಾಲ್ಸಿನಲ್ಲಿ ಬಸ್ಸಿಳಿದರೆ
ಹೊರಸಿನ ಮೇಲೆ ಬಾಳವ್ವತ್ತಿ.
ಇಪ್ಪತ್ತೊಂಬತ್ತು ವರ್ಷ ವೈಂಡಿಂಗ್ ಖಾತೆ,
ಲಕ್ವಾ ಹೊಡೆದು ಐದು ತಿಂಗಳು.
ಎಲ್ಲ ಮಾತು ಹೋಗಿ ಉಳಿದದ್ದು ಒಲ್ಲೆ.
ಗಂಜಿಗೆ ಒಲ್ಲೆ. ದಿಂಬಿಗೆ ಒಲ್ಲೆ.
ಖುಷಿಗೂ ಅದೇ, ತುಸು ಎಳೆದು.

ಥೆರಪಿಯವರ ಚಾರ್ಟು ಬಿಡಿಸುತ್ತೇನೆ.
ಕಣ್ಣು ತೋರಿಸಿ, ಅತ್ತಿ, ಇದೇನು?
ಒಲ್ಲೆ.
ಕಿವಿ? ಗದ್ದ? ಡುಬ್ಬ?
ಒಲ್ಲೆ ಒಲ್ಲೆ ಒಲ್ಲೆ.

ಮೂರನೆಯ ವಾರ ನಾನೂ ಬೇಸತ್ತು
ಅವಳ ರೆಪ್ಪೆ ಮುಟ್ಟಿ ಅಂದೆ: ಮಿಲ್.

ತಿರುಗಿದಳು.
ಹತ್ತಿಯ ಧೂಳು ಕೂತು ಕೂತು ಕೆಂಪಾದ ಆ ಕಣ್ಣು
ಕಿಟಕಿಯಾಚೆ ಚಿಮಣಿ ಹುಡುಕಿತು.
ಬುತ್ತಿ ಎಲ್ಲಿಟ್ಟೆ ಎಂಬಂತೆ ಎಡಗೈ ಹೊರಸನ್ನೆಲ್ಲ ತಡವಿತು,
ಭೋಂಗಾ ಆದಾಗ ಏಳುವವರ ಹಾಗೆ
ಎಡಗಾಲು ಕೆಳಗಿಳಿಯಿತು. ಬಲಗಾಲು ಬರಲಿಲ್ಲ.
ತುಟಿ ಓರೆಯಾಗಿ, ಮ್, ಮ್.
ಅಷ್ಟೇ.

ಅದು ವಿರಾಜುರಿ ಅಲ್ಲ, ನನಗೂ ತಿಳಿಯುತ್ತದೆ.
ಆ ಊರಿನ ಕಣ್ಣಿಗೂ ಈ ಊರಿನ ಗಿರಣಿಗೂ ಯಾವ ಬೀಗತನವೂ ಇಲ್ಲ.

ಚಹಾ ಕುಡಿದ ಶಬ್ದವನ್ನು ಮರುದಿನ ಮೇಡಂ ಮತ್ತೆ ಬರೆದುಕೊಟ್ಟರು:
ವಿರಾಯ್. ಇಲ್ಲ ಎಂದು ಅರ್ಥ.
ಆ ಇಲ್ಲದಿಂದಲೇ ಆ ಜನಕ್ಕೆ ಹೆಸರು.
ಮೈಯ ಅಂಗವಲ್ಲವಲ್ಲ ಮೇಡಂ, ಅಂದೆ.
ಡಸ್ಟರ್ ಹಿಡಿದು ನಿಂತರು, ಉತ್ತರ ಕೊಡಲಿಲ್ಲ.

ರಾತ್ರಿ ಅತ್ತಿಯ ಸತ್ತ ಬಲಗೈ ಎತ್ತಿಕೊಂಡು
ಒಂದೊಂದೇ ಬಟ್ಟು ಬಿಡಿಸಿ, ಎಣ್ಣೆ ಹಚ್ಚಿ ಅಂದೆ:
ಮರ.
ನೂಲು ಕೊಯ್ದ ಗೀರುಗಳು ಇನ್ನೂ ಇದ್ದವು ತೋರುಬಟ್ಟಿನಲ್ಲಿ.
ಎಡಗೈ ತಡವರಿಸಿ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಒಲ್ಲೆ, ಅಂದಳು. ಬಿಡಲಿಲ್ಲ.